ಅಕ್ಕನಿಗೆ ಸ್ಕ್ಲೆರೋಡರ್ಮಾ ಅಂದಿದ್ದಾರೆ, ಸ್ಟೀರಾಯ್ಡ್ ನಿಲ್ಲಿಸಿಬಿಡಲಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಕ್ಕನಿಗೆ 38 ವರ್ಷ. ಎರಡು ವರ್ಷದ ಹಿಂದೆ ತಣ್ಣೀರು ಮುಟ್ಟಿದರೆ ಸಾಕು, ಬೆರಳು ಬೆಳ್ಳಗಾಗಿ ಆಮೇಲೆ ನೀಲಿಯಾಗುತ್ತಿತ್ತು. ಚಳಿಗೆ ಅಂತ ಸುಮ್ಮನಿದ್ದೆವು. ಒಂದು ವರ್ಷದಿಂದ ಬೆರಳು ಊದಿ ಚರ್ಮ ಬಿಗಿಯಾಗಿದೆ. ಬಿಗಿತ ಮೊಣಕೈ ದಾಟಿ ಎದೆಗೂ ಬಂದಿದೆ. ಕುತ್ತಿಗೆ ಹತ್ತಿರ ಬಿಳಿ ಚುಕ್ಕೆಗಳಾಗಿವೆ. ಎದೆಯುರಿ ಇದೆ, ಗುಡ್ಡ ಹತ್ತಿದರೆ ಏದುಸಿರು ಬರುತ್ತದೆ. ರಕ್ತಪರೀಕ್ಷೆಯಲ್ಲಿ ಎಎನ್‌ಎ ಮತ್ತು ಎಸ್‌ಸಿಎಲ್-70 ಎರಡೂ ಪಾಸಿಟಿವ್. ಎದೆಯ ಎಕ್ಸ್‌ರೇ ನಾರ್ಮಲ್. ಇದು ಸ್ಕ್ಲೆರೋಡರ್ಮಾ ಅಂದರು. ಪ್ರೆಡ್ನಿಸೊಲೋನ್ 20 ಮಿಲಿಗ್ರಾಂ ಮಾತ್ರೆ ಕೊಟ್ಟರು. ಗಂಟುನೋವು ಕಡಿಮೆಯಾಯಿತು, ಹಾಗಾಗಿ ನಾಲ್ಕು ತಿಂಗಳಿಂದ ತಗೊಳ್ಳುತ್ತಿದ್ದಾಳೆ. ಈಗ ಸ್ಟೀರಾಯ್ಡಿನಿಂದ ಕಿಡ್ನಿ ಹೋಗುತ್ತದೆ ಅಂತ ಎಲ್ಲೋ ಓದಿ ಹೆದರಿದ್ದಾಳೆ. ನಿಲ್ಲಿಸಿಬಿಡಲಾ? ಊರಿನಲ್ಲಿ ಕೆಲವರು ಇದು ಕುಷ್ಠ ಅನ್ನುತ್ತಾರೆ. ಭಾವನ ಮನೆಯವರು ನಾಗದೋಷ ಅಂತ ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಿದ್ದಾರೆ. ಅವಳ 12 ವರ್ಷದ ಮಗಳಿಗೂ ಬರುತ್ತದಾ? ಸ್ಟೆಮ್ ಸೆಲ್ ಹಾಕಿಸಿದರೆ ಪೂರ್ತಿ ವಾಸಿಯಾಗುತ್ತದೆ ಎಂದು ಒಬ್ಬರು ಹೇಳಿದರು. ತೋಟ ಅಡವಿಟ್ಟಾದರೂ ಮಾಡಿಸೋಣ ಅಂತಿದ್ದೇವೆ. ದಯವಿಟ್ಟು ದಾರಿ ತೋರಿಸಿ.

ಉತ್ತರ:

ಮೊದಲು ಮಾತ್ರೆಯ ವಿಷಯ. ನಾಳೆ ಬೆಳಿಗ್ಗೆಯಿಂದ ಸ್ಟೀರಾಯ್ಡ್ ಬಂದ್ ಅಂತ ಮಾತ್ರ ಮಾಡಬೇಡಿ. ನಾಲ್ಕು ತಿಂಗಳು ದಿನಾ 20 ಮಿಲಿಗ್ರಾಂ ತೆಗೆದುಕೊಂಡ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಬಿಪಿ ಕುಸಿಯಬಹುದು, ವಾಂತಿಯಾಗಬಹುದು, ಅಕ್ಕ ಪ್ರಜ್ಞೆ ತಪ್ಪಿ ಬೀಳಲೂಬಹುದು. ಇಳಿಸಲೇಬೇಕು, ಆದರೆ ಹಂತಹಂತವಾಗಿ. ಯಾವ ವಾರ ಎಷ್ಟು ಎಂಬುದನ್ನು ಅವರನ್ನು ಕಣ್ಣಾರೆ ನೋಡುವ ವೈದ್ಯರೇ ಬರೆದುಕೊಡಬೇಕು.

ಹಾಗಂತ ಅಕ್ಕನ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಅದರ ಹಿಂದೆ ಒಬ್ಬ ಸಂಶೋಧಕಿಯ ವರ್ಷಗಟ್ಟಲೆಯ ಕೆಲಸವಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಅಕ್ಕನ ವಿಷಯದಲ್ಲಿ ಮುಂದೆ ಏನು ಮಾಡಬೇಕು ಎಂಬುದೂ ಅದರಿಂದಲೇ ತಿಳಿಯುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ರಾಡ್ನನ್ ಎಂಬ ವೈದ್ಯರು ಸ್ಕ್ಲೆರೋಡರ್ಮಾ ರೋಗಿಗಳ ದಾಖಲೆ ಇಡುವ ಪದ್ಧತಿ ಬೆಳೆಸಿದರು. ಮೈಮೇಲಿನ 17 ಜಾಗಗಳಲ್ಲಿ ಚರ್ಮವನ್ನು ಚಿವುಟಿ ನೋಡಿ ಅಂಕ ಕೊಡುವ ಕ್ರಮ ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಅಲ್ಲೇ ಥಾಮಸ್ ಮೆಡ್ಸ್‌ಗರ್ ಅವರ ಜೊತೆ ವರ್ಜೀನಿಯಾ ಸ್ಟೀನ್ ಎಂಬ ವೈದ್ಯೆ ಕೆಲಸ ಮಾಡಿದರು. ಆಮೇಲೆ ಅವರು ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಹೋದರು. ಆ ಕಾಲದಲ್ಲಿ ಈ ಕಾಯಿಲೆಯ ದೊಡ್ಡ ಭಯ ಕಿಡ್ನಿಯದ್ದು. ಬಿಪಿ ಇದ್ದಕ್ಕಿದ್ದಂತೆ ಏರುವುದು, ಕೆಲವೇ ದಿನಗಳಲ್ಲಿ ಕಿಡ್ನಿ ನಿಲ್ಲುವುದು. ಇದಕ್ಕೆ 'ರೀನಲ್ ಕ್ರೈಸಿಸ್' ಎನ್ನುತ್ತೇವೆ. ಹಾಗಾದ ಮೇಲೆ ರೋಗಿ ಉಳಿಯುವುದೇ ಅಪರೂಪವಾಗಿತ್ತು.

1970ರ ದಶಕದ ಕೊನೆಯಲ್ಲಿ ಕ್ಯಾಪ್ಟೋಪ್ರಿಲ್ ಎಂಬ ಬಿಪಿ ಮಾತ್ರೆ ಬಂತು. ಸ್ಟೀನ್ ಮತ್ತು ಸಂಗಡಿಗರು ರೀನಲ್ ಕ್ರೈಸಿಸ್ ಆದ 108 ರೋಗಿಗಳ ದಾಖಲೆ ನೋಡಿ 1990ರಲ್ಲಿ ಪ್ರಕಟಿಸಿದರು. ಈ ಜಾತಿಯ ಮಾತ್ರೆ ಸಿಗದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ಶೇ 15. ಸಿಕ್ಕವರಲ್ಲಿ ಶೇ 76. ನಮ್ಮ ವಿಭಾಗದಲ್ಲಿ ಒಂದೇ ಮಾತ್ರೆ ಇಷ್ಟು ದೊಡ್ಡ ಬದಲಾವಣೆ ತಂದದ್ದು ಬಹಳ ಕಡಿಮೆ. ಇನ್ನೂ ಒಂದು ವಿಷಯ ಅವರ ಮುಂದಿನ ಲೆಕ್ಕದಲ್ಲಿ ಹೊರಬಂತು. ಡಯಾಲಿಸಿಸ್ ಶುರುವಾದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಮಾತ್ರೆ ಬಿಡದೆ ಮುಂದುವರಿಸಿದ್ದರಿಂದ 3ರಿಂದ 18 ತಿಂಗಳಲ್ಲಿ ಡಯಾಲಿಸಿಸ್ಸಿನಿಂದ ಹೊರಬಂದಿದ್ದರು. ಕಿಡ್ನಿ ಸೋತಾಗ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಅಂಶ ಏರುತ್ತದೆ. ಇದು ಗೊತ್ತಿಲ್ಲದೆ 'ಕ್ರಿಯಾಟಿನಿನ್ ಏರಿದೆ, ಈ ಮಾತ್ರೆ ನಿಲ್ಲಿಸಿ' ಅನ್ನುವುದು ಇವತ್ತಿಗೂ ನಡೆಯುತ್ತದೆ. ಬೇರೆ ಕಿಡ್ನಿ ಕಾಯಿಲೆಗಳಲ್ಲಿ ಆ ಮಾತು ಸರಿಯಿರಬಹುದು. ಇಲ್ಲಿ ಅದು ತಿರುಗುಮುರುಗು.

ಸ್ಟೀರಾಯ್ಡ್ ವಿಷಯ ಬಂದದ್ದು 1998ರಲ್ಲಿ. ಸ್ಟೀನ್ ಮತ್ತು ಮೆಡ್ಸ್‌ಗರ್ ಹೋಲಿಸಿ ನೋಡಿದರು. ರೀನಲ್ ಕ್ರೈಸಿಸ್ ಆದವರಲ್ಲಿ ಶೇ 36 ಜನ ಅದಕ್ಕೆ ಹಿಂದಿನ ಆರು ತಿಂಗಳಲ್ಲಿ ದಿನಕ್ಕೆ 15 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋನ್ (ಅಕ್ಕನ ಮಾತ್ರೆಯಂಥದ್ದೇ ಸ್ಟೀರಾಯ್ಡ್) ತೆಗೆದುಕೊಂಡಿದ್ದರು. ಅದೇ ಬಗೆಯ ಕಾಯಿಲೆ ಇದ್ದು ಕ್ರೈಸಿಸ್ ಆಗದವರಲ್ಲಿ ಶೇ 12. ಕಾಯಿಲೆ ಜೋರಾಗಿರುವವರಿಗೇ ಸ್ಟೀರಾಯ್ಡ್ ಜಾಸ್ತಿ ಕೊಟ್ಟಿರಬಹುದಲ್ವಾ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೂ ಆವತ್ತಿನಿಂದ ನಾವು ಈ ಕಾಯಿಲೆಯಲ್ಲಿ, ಅದರಲ್ಲೂ ಚರ್ಮದ ಬಿಗಿತ ಹೊಸದಾಗಿ ಹಬ್ಬುತ್ತಿರುವಾಗ, 15 ಮಿಲಿಗ್ರಾಂ ಗಡಿ ದಾಟಲು ಹಿಂಜರಿಯುತ್ತೇವೆ.

ಮಾತ್ರೆ ಕೊಟ್ಟ ವೈದ್ಯರನ್ನು ದೂರಬೇಡಿ. ಲೂಪಸ್, ರುಮಟಾಯ್ಡ್ ಸಂಧಿವಾತ, ಸ್ನಾಯುಗಳ ಉರಿಯೂತ ಇವೆಲ್ಲದರಲ್ಲೂ ಸ್ಟೀರಾಯ್ಡ್ ಜೀವ ಉಳಿಸುತ್ತದೆ. ಸ್ಕ್ಲೆರೋಡರ್ಮಾ ಅದೇ ಕುಟುಂಬದ, ಅಂದರೆ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹಕ್ಕೇ ಎದುರಾಗುವ ಕಾಯಿಲೆ. ಆದರೆ ಅದಕ್ಕೆ ಬೇರೆ ನಿಯಮ. ವಿರಳ ಕಾಯಿಲೆಯಾದ್ದರಿಂದ ಇದು ಎಲ್ಲರಿಗೂ ನೆನಪಿನಲ್ಲಿರುವುದಿಲ್ಲ. ಅದೇ ವೈದ್ಯರ ಹತ್ತಿರ ಹೋಗಿ ನೇರವಾಗಿ ಕೇಳಿ: 'ಇದನ್ನು ನಿಧಾನವಾಗಿ 10ಕ್ಕಿಂತ ಕೆಳಗೆ ತರಬಹುದಾ?' ನೋವಿಗೆ ಡೈಕ್ಲೋಫೆನಾಕ್ ಥರದ ಮಾತ್ರೆಗಳನ್ನು ಮೆಡಿಕಲ್ ಸ್ಟೋರಿನಿಂದ ತಂದು ನುಂಗುತ್ತಿದ್ದರೆ ಅದನ್ನೂ ಹೇಳಿ. ಕಿಡ್ನಿಗೆ ಅದೂ ಒಳ್ಳೆಯದಲ್ಲ.

ಈ ವಾರವೇ ಒಂದು ಬಿಪಿ ಮೆಷಿನ್ ಕೊಂಡುಕೊಳ್ಳಿ. ತೋಳಿಗೆ ಕಟ್ಟುವ ಡಿಜಿಟಲ್ ಮೆಷಿನ್ ಸಾಕು. ಸದ್ಯಕ್ಕೆ ದಿನಕ್ಕೊಮ್ಮೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇಲ್ಲಿ ಮುಖ್ಯವಾದದ್ದು 140/90 ಎಂಬ ಪುಸ್ತಕದ ಗಡಿಯಲ್ಲ. ಅಕ್ಕನ ಮಾಮೂಲಿ ಬಿಪಿ ಎಷ್ಟು, ಅದಕ್ಕಿಂತ ಎಷ್ಟು ಏರಿತು ಎಂಬುದು. ಯಾವಾಗಲೂ 100/70 ಇರುವವರಿಗೆ 132/88 ಬಂದರೆ ನೋಡಿದವರು ನಾರ್ಮಲ್ ಅನ್ನಬಹುದು. ಈ ಕಾಯಿಲೆಯಲ್ಲಿ ಅದು ನಾರ್ಮಲ್ ಅಲ್ಲ. ಮೇಲಿನ ಅಂಕಿ 30ರಷ್ಟು ಅಥವಾ ಕೆಳಗಿನದು 20ರಷ್ಟು ಏರಿದ್ದು ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಅವತ್ತೇ ಆಸ್ಪತ್ರೆಗೆ ಹೊರಡಿ. ಕೆಲವರಲ್ಲಿ ಬಿಪಿ ಏರದೆಯೂ ಕಿಡ್ನಿ ಕೆಡುತ್ತದೆ, ಹಾಗಾಗಿ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆಯೂ ಆಗಾಗ ಬೇಕು. ಮುಂಜಾಗ್ರತೆಗೆ ಕ್ಯಾಪ್ಟೋಪ್ರಿಲ್ ಜಾತಿಯ ಮಾತ್ರೆ ಈಗಲೇ ಶುರುಮಾಡೋಣವಾ ಎಂದು ಕೆಲವರು ಕೇಳುತ್ತಾರೆ. ಬೇಡ. ಹಾಗೆ ಮೊದಲೇ ತೆಗೆದುಕೊಂಡವರಿಗೆ ರಕ್ಷಣೆ ಸಿಕ್ಕಿಲ್ಲ.

ಇನ್ನು ಊರಿನವರ ಮಾತು. ಇದು ಕುಷ್ಠ ಅಲ್ಲ. ಕುಷ್ಠದಲ್ಲಿ ಮಚ್ಚೆಯ ಮೇಲೆ ಸ್ಪರ್ಶಜ್ಞಾನ ಹೋಗುತ್ತದೆ, ಚುಚ್ಚಿದರೂ ಗೊತ್ತಾಗುವುದಿಲ್ಲ. ಸ್ಕ್ಲೆರೋಡರ್ಮಾದಲ್ಲಿ ಹಾಗಾಗುವುದಿಲ್ಲ, ಬೆರಳು ವಿಪರೀತ ನೋಯುತ್ತದೆ. ಎರಡರಲ್ಲೂ ಬೆರಳ ತುದಿ ಸವೆಯುವುದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ. ಅಂದ ಹಾಗೆ, ಕುಷ್ಠಕ್ಕೂ ಈಗ ಪೂರ್ತಿ ವಾಸಿ ಮಾಡುವ ಔಷಧ ಇದೆ, ಅದು ಬಂದವರನ್ನೂ ದೂರ ಇಡಬೇಕಾಗಿಲ್ಲ. ಕುತ್ತಿಗೆ ಹತ್ತಿರದ ಬಿಳಿ ಚುಕ್ಕೆ ತೊನ್ನೂ ಅಲ್ಲ. ಬಿಳಿಯ ನಡುವೆ ರೋಮದ ಬುಡದಲ್ಲಿ ಮಾತ್ರ ಕಪ್ಪು ಉಳಿಯುವುದು ನಮ್ಮ ಮೈಬಣ್ಣದವರಲ್ಲಿ ಈ ಕಾಯಿಲೆಯ ಒಂದು ಗುರುತು. ಎಷ್ಟೋ ಸಲ ರೋಗಿ ಒಳಗೆ ಬಂದು ಕುಳಿತಾಗಲೇ ಅದನ್ನು ನೋಡಿ ನನಗೆ ಅನುಮಾನ ಹುಟ್ಟಿದೆ. ಸ್ಕ್ಲೆರೋಡರ್ಮಾ ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಟ್ಟಿಗೆ ಮಲಗಿದರೆ ಅಂಟುವುದಿಲ್ಲ. ಇದನ್ನು ಭಾವನಿಗೂ ಅವರ ಮನೆಯವರಿಗೂ ನೀವೇ ಕೂತು ಹೇಳಿ. ಚರ್ಮ ಕಂಡು ದೂರ ಸರಿಯುವ ಜನರಿಂದ ಈ ಹೆಣ್ಣುಮಕ್ಕಳಿಗೆ ಆಗುವ ನೋವು ದೊಡ್ಡದು. ಅದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ.

ಆಶ್ಲೇಷ ಬಲಿಯಿಂದ ಮನೆಯವರಿಗೆ ಸಮಾಧಾನ ಸಿಕ್ಕಿದ್ದರೆ ಒಳ್ಳೆಯದೇ. ನನ್ನ ಕೋರಿಕೆ ಇಷ್ಟೇ: ಪೂಜೆಯ ಫಲ ನೋಡೋಣ ಅಂತ ಔಷಧವನ್ನು ಮುಂದಕ್ಕೆ ಹಾಕಬೇಡಿ. ಬಿಗಿತ ಮೊಣಕೈ ದಾಟಿ ಎದೆಗೂ ಹಬ್ಬುವ ಈ ಬಗೆಗೆ 'ಡಿಫ್ಯೂಸ್' ಎನ್ನುತ್ತೇವೆ. ಇದರಲ್ಲಿ ಮೊದಲ ಮೂರು–ನಾಲ್ಕು ವರ್ಷ ಬಹಳ ಮುಖ್ಯ. ಅಕ್ಕ ಈಗ ಅದೇ ಅವಧಿಯಲ್ಲಿದ್ದಾರೆ.

ಹಾಗಾದರೆ ದೇಹದೊಳಗೆ ಆಗುತ್ತಿರುವುದೇನು? ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಸ್ವಂತ ದೇಹದ ಮೇಲೇ ತಿರುಗಿಬೀಳುತ್ತದೆ. ಮೊದಲ ಏಟು ಬೀಳುವುದು ಸಣ್ಣ ರಕ್ತನಾಳಗಳಿಗೆ. ಅದಕ್ಕೇ ಚರ್ಮ ಬಿಗಿಯುವ ಮೊದಲೇ ಬೆರಳು ಬೆಳ್ಳಗಾದದ್ದು. ಇದನ್ನು 1862ರಲ್ಲಿ ವಿವರಿಸಿದವರು ಫ್ರಾನ್ಸಿನ ಮೊರಿಸ್ ರೇನೋ. ಈಗಲೂ ಇದಕ್ಕೆ ಅವರದೇ ಹೆಸರು. ಆಮೇಲೆ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಕೊಲಾಜನ್ ನಾರನ್ನು ಅಳತೆ ಮೀರಿ ತಯಾರಿಸತೊಡಗುತ್ತವೆ. ಗಾಯ ಮಾಗಿಸಲು ಬರುವ ಕೋಶಗಳೇ ಇವು. ಗಾಯ ಮಾಗಿದ ಮೇಲೂ ಕೆಲಸ ನಿಲ್ಲಿಸದೆ ಗಾರೆ ಮೆತ್ತುತ್ತಲೇ ಇರುವ ಗಾರೆಯವರ ಥರ. 1970ರ ದಶಕದ ಮೊದಲಲ್ಲಿ ಕಾರ್ವೈಲ್ ಲಿರಾಯ್ ಎಂಬ ಸಂಶೋಧಕರು ರೋಗಿಗಳ ಚರ್ಮದಿಂದ ಈ ಕೋಶಗಳನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದರು. ದೇಹದಿಂದ ಹೊರಗೆ ಬಂದ ಮೇಲೂ ಅವು ಹೆಚ್ಚು ಕೊಲಾಜನ್ ತಯಾರಿಸುತ್ತಲೇ ಇದ್ದವು. ಅಂದರೆ ಕೋಶದ ಗುಣವೇ ಬದಲಾಗಿರುತ್ತದೆ. ಹಳೆಯ ಬಿಗಿತವನ್ನು ಕರಗಿಸುವುದು ಅದಕ್ಕೇ ಇಷ್ಟು ಕಷ್ಟ.

ಇದು ಯಾಕೆ ಶುರುವಾಗುತ್ತದೆ ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಹೆಂಗಸರಲ್ಲಿ ಜಾಸ್ತಿ. ಕಲ್ಲಿನ ದೂಳಿಗೂ ಇದಕ್ಕೂ ನಂಟಿದೆ. ಸ್ಕಾಟ್ಲೆಂಡಿನ ಕಲ್ಲುಕುಟಿಗರಲ್ಲಿ ಇದನ್ನು ಬೈರಮ್ ಬ್ರಾಮ್‌ವೆಲ್ 1914ರಲ್ಲೇ ಗುರುತಿಸಿದ್ದರು. ಗಣಿ ಮತ್ತು ಕ್ವಾರಿಗಳಲ್ಲಿ ದುಡಿದ ಗಂಡಸರಿಗೆ ಈ ಕಾಯಿಲೆ ಬಂದರೆ ನಾನು ದೂಳಿನ ಬಗ್ಗೆ ಬಿಡಿಸಿ ಕೇಳುತ್ತೇನೆ. ಅಕ್ಕನ ಬಗ್ಗೆ ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಅವರು ಏನೋ ತಿಂದರು, ಏನೋ ಮಾಡಿದರು, ಅದಕ್ಕೆ ಬಂತು ಅನ್ನುವಂಥದ್ದು ಇಲ್ಲಿಲ್ಲ.

ಮಗಳ ಬಗ್ಗೆ ಕೇಳಿದ್ದೀರಿ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 703 ಕುಟುಂಬಗಳನ್ನು ನೋಡಿದ್ದರು. ಮನೆಯಲ್ಲಿ ಎರಡನೆಯವರಿಗೂ ಈ ಕಾಯಿಲೆ ಇದ್ದದ್ದು 11 ಕುಟುಂಬಗಳಲ್ಲಿ, ಅಂದರೆ ಶೇ 1.6. ಹೊರಗಿನ ಜನರಿಗಿಂತ ಇದು ಹೆಚ್ಚು ನಿಜ, ಆದರೆ ನೂರು ಕುಟುಂಬದಲ್ಲಿ ತೊಂಬತ್ತೆಂಟರಲ್ಲಿ ಇನ್ನೊಬ್ಬರಿಗೆ ಬಂದಿಲ್ಲ. ಅವಳಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನವೂ ಇದೆ. ಒಂದೇ ಜೀನುಗಳಿರುವ ಅವಳಿಗಳಲ್ಲಿ ಕೂಡ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅಪರೂಪ ಎಂದು ಅದು ತೋರಿಸಿತು. ಮಗುವಿಗೆ ಈಗ ಯಾವ ಪರೀಕ್ಷೆಯೂ ಬೇಡ. ಸುಮ್ನೆ ಎಎನ್‌ಎ ರಕ್ತಪರೀಕ್ಷೆ ಮಾಡಿಸಿ, ಅದು ಸ್ವಲ್ಪ ಪಾಸಿಟಿವ್ ಬಂದು, ಮನೆಯೆಲ್ಲ ನಿದ್ದೆಗೆಡುವುದನ್ನು ನೋಡಿದ್ದೇನೆ. ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಅದು ಪಾಸಿಟಿವ್ ಇರುತ್ತದೆ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ತಡೆದು ನಿಲ್ಲಿಸಿದ ಸಾಲಿಗೆ ಬರುತ್ತೇನೆ: 'ಗುಡ್ಡ ಹತ್ತಿದರೆ ಏದುಸಿರು, ಎಕ್ಸ್‌ರೇ ನಾರ್ಮಲ್.'

ಸ್ಟೀನ್ ಮತ್ತು ಮೆಡ್ಸ್‌ಗರ್ 2007ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. 1972ರಿಂದ 2002ರವರೆಗೆ ಈ ಕಾಯಿಲೆಯ ರೋಗಿಗಳು ಯಾವುದರಿಂದ ತೀರಿಕೊಂಡರು ಎಂಬ ಲೆಕ್ಕ. ಕಾಯಿಲೆಯಿಂದಾದ ಸಾವುಗಳಲ್ಲಿ ರೀನಲ್ ಕ್ರೈಸಿಸ್‌ನ ಪಾಲು ಶೇ 42ರಿಂದ ಶೇ 6ಕ್ಕೆ ಇಳಿದಿತ್ತು. ಶ್ವಾಸಕೋಶ ನಾರುಗಟ್ಟುವುದರ ಪಾಲು ಶೇ 6ರಿಂದ ಶೇ 33ಕ್ಕೆ ಏರಿತ್ತು. ಕಿಡ್ನಿಗೆ ಮದ್ದು ಸಿಕ್ಕಿ ಜನ ಹೆಚ್ಚು ದಿನ ಬದುಕಿದರು. ಆಗ ಶ್ವಾಸಕೋಶದ ತೊಂದರೆ ಎದುರಿಗೆ ಬಂತು. ಚರ್ಮ ಎಲ್ಲರ ಕಣ್ಣಿಗೂ ಬೀಳುತ್ತದೆ, ಮನೆಯವರ ಚಿಂತೆಯೆಲ್ಲ ಅದರ ಮೇಲೇ. ನನ್ನ ಚಿಂತೆ ಮಾತ್ರ ಎದೆಯ ಒಳಗಿನದು. ಅದರಲ್ಲೂ ರಕ್ತದಲ್ಲಿ ಎಸ್‌ಸಿಎಲ್-70 ಎಂಬ ಪ್ರತಿಕಾಯ ಪಾಸಿಟಿವ್ ಇರುವವರಲ್ಲಿ ಶ್ವಾಸಕೋಶಕ್ಕೆ ತೊಂದರೆ ಬರುವುದು ಹೆಚ್ಚು.

ಎಕ್ಸ್‌ರೇಯಲ್ಲಿ ಮೊದಲ ಹಂತದ ನಾರು ಕಾಣುವುದೇ ಇಲ್ಲ. ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶವನ್ನು ತೆಳು ಪದರಗಳಲ್ಲಿ ಬಿಡಿಸಿ ತೋರಿಸುವ ಸಿಟಿ ಸ್ಕ್ಯಾನ್ ಬೇಕು. ಜೊತೆಗೆ ಊದಿ ಮಾಡುವ ಶ್ವಾಸಕೋಶದ ಪರೀಕ್ಷೆ ಬೇಕು. ಅದರಲ್ಲಿ ಎಫ್‌ವಿಸಿ (ಪೂರ್ತಿ ಉಸಿರೆಳೆದು ಊದಿದಾಗ ಹೊರಬರುವ ಗಾಳಿಯ ಅಳತೆ) ಮಾತ್ರ ಅಲ್ಲ, ಡಿಎಲ್‌ಸಿಓ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಎಂಬ ಅಳತೆ) ಕೂಡ ಮಾಡುವ ಜಾಗಕ್ಕೇ ಹೋಗಿ. ಹೃದಯದ ಎಕೋ ಸಹ ಮಾಡಿಸಿ, ಯಾಕೆಂದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವುದೂ ಈ ಕಾಯಿಲೆಯ ಇನ್ನೊಂದು ತೊಂದರೆ. ನಿಮಗೆ ಶಿವಮೊಗ್ಗ ಅಥವಾ ಮಣಿಪಾಲ ಹತ್ತಿರ. ಒಂದು ಸಲ ರುಮಟಾಲಜಿಸ್ಟ್ (ಈ ಬಗೆಯ ಕಾಯಿಲೆಗಳ ತಜ್ಞರು) ನೋಡಿ ಯೋಜನೆ ಬರೆದುಕೊಟ್ಟರೆ, ತಿಂಗಳ ರಕ್ತಪರೀಕ್ಷೆ, ಬಿಪಿ ಎಲ್ಲ ನಿಮ್ಮೂರಲ್ಲೇ ನಡೆಯಬಹುದು.

ಶ್ವಾಸಕೋಶದಲ್ಲಿ ತೊಂದರೆ ಕಂಡರೆ ಏನು ದಾರಿ? ಹಿಂದೆ ಸೈಕ್ಲೋಫಾಸ್ಫಮೈಡ್ ಕೊಡುತ್ತಿದ್ದೆವು. ಅದು ಕೆಲಸ ಮಾಡುತ್ತದೆ, ಆದರೆ ಸೋಂಕು, ಮೂತ್ರಕೋಶಕ್ಕೆ ಹಾನಿ, ಮುಟ್ಟು ನಿಂತುಹೋಗುವುದು, ಹೀಗೆ ಅದರ ಬೆಲೆಯೂ ದೊಡ್ಡದು. 2016ರಲ್ಲಿ ಅಮೆರಿಕದಲ್ಲಿ 142 ರೋಗಿಗಳ ಅಧ್ಯಯನವೊಂದರ ಫಲಿತಾಂಶ ಬಂತು. ಮೈಕೋಫಿನೊಲೇಟ್ ಮಾತ್ರೆ ಎರಡು ವರ್ಷ ಕೊಟ್ಟವರಲ್ಲೂ, ಸೈಕ್ಲೋಫಾಸ್ಫಮೈಡ್ ಒಂದು ವರ್ಷ ಕೊಟ್ಟವರಲ್ಲೂ ಶ್ವಾಸಕೋಶ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿತ್ತು. ಮೈಕೋಫಿನೊಲೇಟ್‌ನಿಂದ ತೊಂದರೆ ಕಡಿಮೆ. ಅದಕ್ಕೇ ಈಗ ನನ್ನ ಮೊದಲ ಆಯ್ಕೆ ಅದು. ಚರ್ಮಕ್ಕೂ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಭೇದಿ ಆಗಬಹುದು, ಬಿಳಿ ರಕ್ತಕಣ ಇಳಿಯಬಹುದು, ಸೋಂಕು ಬೇಗ ತಗುಲಬಹುದು. ರಕ್ತಪರೀಕ್ಷೆ ತಪ್ಪಿಸುವ ಹಾಗಿಲ್ಲ. ಅದನ್ನು ತೆಗೆದುಕೊಳ್ಳುವಾಗ ಗರ್ಭ ನಿಂತರೆ ಮಗುವಿಗೆ ಅಂಗವೈಕಲ್ಯ ಬರುವ ಅಪಾಯ ಇದೆ, ಹಾಗಾಗಿ ಗರ್ಭನಿರೋಧದ ಬಗ್ಗೆ ಸಂಕೋಚ ಬಿಟ್ಟು ಮಾತಾಡಿ.

ನಿಂಟೆಡಾನಿಬ್ ಎಂಬ ಇನ್ನೊಂದು ಔಷಧ ನಾರುಗಟ್ಟುವ ವೇಗವನ್ನು ತಗ್ಗಿಸುತ್ತದೆ. 2019ರಲ್ಲಿ 576 ರೋಗಿಗಳ ಅಧ್ಯಯನದಲ್ಲಿ ಔಷಧ ತೆಗೆದುಕೊಂಡವರ ಎಫ್‌ವಿಸಿ ವರ್ಷಕ್ಕೆ 52 ಮಿಲಿಲೀಟರ್ ಇಳಿಯಿತು, ತೆಗೆದುಕೊಳ್ಳದವರದ್ದು 93. ವೇಗ ತಗ್ಗುತ್ತದೆ, ಕಳೆದುಹೋದದ್ದು ಮರಳಿ ಬರುವುದಿಲ್ಲ. ಭೇದಿ ಮಾತ್ರ ತುಂಬ ಜನರಿಗೆ ಆಗುತ್ತದೆ. ಉರಿಯೂತ ಜೋರಾಗಿದ್ದರೆ ಟೋಸಿಲಿಜುಮ್ಯಾಬ್ ಅಥವಾ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಇದೆ. ಅವುಗಳ ಮೊದಲು ಟಿಬಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಸ್ಕ್ಯಾನಿನಲ್ಲಿ ತೊಂದರೆ ಅಲ್ಪವಾಗಿದ್ದು ಉಸಿರಿನ ಪರೀಕ್ಷೆ ಚೆನ್ನಾಗಿದ್ದರೆ, ಕೆಲವರಲ್ಲಿ ಮೂರು–ನಾಲ್ಕು ತಿಂಗಳಿಗೊಮ್ಮೆ ಅಳೆಯುತ್ತಾ ಕಾಯುವುದೂ ಒಂದು ದಾರಿಯೇ. ನಿಮ್ಮ ಅಕ್ಕನ ಚರ್ಮ ಎದೆಗೆ ಹಬ್ಬಿದೆ, ಏದುಸಿರು ಇದೆ. ಪರೀಕ್ಷೆಗಳೂ ಅದನ್ನೇ ಹೇಳಿದರೆ ನಾನಂತೂ ಕಾಯುವುದಿಲ್ಲ.

ಚರ್ಮದ ಬಗ್ಗೆ ಒಂದು ಗುಟ್ಟು ತಿಳಿದಿರಲಿ. ಈ ಬಗೆಯಲ್ಲಿ ಚರ್ಮ ಮೊದಲ ಒಂದೆರಡು ವರ್ಷ ಬೇಗ ಬಿಗಿಯುತ್ತದೆ, ಆಮೇಲೆ ನಿಲ್ಲುತ್ತದೆ, ಎಷ್ಟೋ ಜನರಲ್ಲಿ ತಾನಾಗಿಯೇ ಸ್ವಲ್ಪ ಸಡಿಲವಾಗುತ್ತದೆ. ಆ ಹೊತ್ತಿನಲ್ಲಿ ಯಾವ ಎಣ್ಣೆ ಹಚ್ಚಿದ್ದರೂ, ಯಾವ ಪುಡಿ ತಿಂದಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ನಮ್ಮ ವೈದ್ಯಪದ್ಧತಿಯಲ್ಲೂ ಹೀಗೇ ಆಗಿತ್ತು. ಡಿ-ಪೆನಿಸಿಲಮೈನ್ ಎಂಬ ಮಾತ್ರೆಯನ್ನು ದಶಕಗಳ ಕಾಲ ಚರ್ಮಕ್ಕೆಂದು ಕೊಟ್ಟರು. 1999ರಲ್ಲಿ ಫಿಲಿಪ್ ಕ್ಲೆಮೆಂಟ್ಸ್ ಮತ್ತು ಸಂಗಡಿಗರು ದೊಡ್ಡ ಡೋಸನ್ನು ಎರಡು ದಿನಕ್ಕೊಂದು ಪುಟ್ಟ ಡೋಸಿನ ಜೊತೆ ಹೋಲಿಸಿದರು. ವ್ಯತ್ಯಾಸವೇ ಇರಲಿಲ್ಲ. ಯಾರಾದರೂ 'ನಮ್ಮ ಔಷಧದಿಂದ ಚರ್ಮ ಮೆತ್ತಗಾಯಿತು' ಅಂದರೆ ಇದನ್ನು ನೆನಪಿಡಿ. ಒಣ ಚರ್ಮಕ್ಕೆ ತೆಂಗಿನೆಣ್ಣೆ ಹಚ್ಚಿ ಹಗುರವಾಗಿ ನೀವುವುದರಿಂದ ಹಾಯೆನಿಸುತ್ತದೆ, ಮಾಡಲಿ. ಹೆಸರು ಬರೆಯದ ಪುಡಿ, ಭಸ್ಮ ಬೇಡ. ಅದರಲ್ಲಿ ಲೋಹವೋ ಸ್ಟೀರಾಯ್ಡೋ ಇದ್ದರೆ ತೊಂದರೆಯಾಗುವುದು ಮತ್ತೆ ಕಿಡ್ನಿಗೇ. ಬೆರಳು ಮಡಚಿ ಬಿಡಿಸುವ, ಬಾಯಿ ಅಗಲಿಸುವ ವ್ಯಾಯಾಮವನ್ನು ದಿನಾ ಮಾಡಬೇಕು. ಅಕ್ಕ ಎಲೆ-ಅಡಿಕೆ ಹಾಕುತ್ತಿದ್ದರೆ ಬಿಡಿಸಿ. ಬಾಯಿ ಕಿರಿದಾಗಲು ಅಡಿಕೆಯೂ ಬೇರೆಯದೇ ರೀತಿಯಲ್ಲಿ ಕಾರಣವಾಗುತ್ತದೆ, ಎರಡೂ ಸೇರಿದರೆ ಹಲ್ಲುಜ್ಜುವುದೇ ಕಷ್ಟ.

ಬದನೆಕಾಯಿ ನಂಜು, ಮೊಸರು ನಂಜು ಅಂತ ಒಂದೊಂದೇ ಬಿಡಿಸುವುದರಿಂದ ಈ ಕಾಯಿಲೆಗೆ ಲಾಭ ಇಲ್ಲ. ಇಂಥವರು ಮೊದಲೇ ತೂಕ ಕಳೆದುಕೊಳ್ಳುತ್ತಾರೆ. ಎದೆಯುರಿಗೆ ಸ್ವಲ್ಪಸ್ವಲ್ಪ ಹಲವು ಸಲ ತಿನ್ನುವುದು, ಉಂಡು ಮೂರು ಗಂಟೆ ಮಲಗದಿರುವುದು, ಮಂಚದ ತಲೆಭಾಗ ಎತ್ತರಿಸುವುದು ಸಹಾಯ ಮಾಡುತ್ತದೆ. ಒಮೆಪ್ರಜೋಲ್ ಜಾತಿಯ ಮಾತ್ರೆ ಬಹುಕಾಲ ಬೇಕಾಗಬಹುದು.

ಬೆರಳಿಗೆ ಬೆಚ್ಚಗಿರುವುದೇ ಮೊದಲ ಮದ್ದು. ಬೆರಳು ಮಾತ್ರ ಅಲ್ಲ, ಇಡೀ ಮೈ ಬೆಚ್ಚಗಿರಬೇಕು. ಪಾತ್ರೆ, ಬಟ್ಟೆ ಎಲ್ಲಕ್ಕೂ ಹಂಡೆಯ ಬಿಸಿನೀರು ಬೆರೆಸಿಕೊಳ್ಳಲಿ. ಬೆರಳು ಬೆಳ್ಳಗಾದಾಗ ಬಚ್ಚಲ ಒಲೆಗೆ ಕೈಯೊಡ್ಡಬಾರದು. ಆಗ ಬೆರಳು ಜೋಮು ಹಿಡಿದಿರುತ್ತದೆ, ಸುಟ್ಟರೂ ತಕ್ಷಣ ಗೊತ್ತಾಗುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಲಿ, ಇಲ್ಲವೇ ಕಂಕುಳಲ್ಲಿಡಲಿ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಕೆಲಸ ಈ ವರ್ಷ ಬೇರೆಯವರು ಮಾಡಲಿ. ಬೆರಳಿಗೆ ಒಂದು ಸಣ್ಣ ಗಾಯವಾದರೂ ರಕ್ತ ಸಾಲದೆ ತಿಂಗಳುಗಟ್ಟಲೆ ಮಾಗುವುದಿಲ್ಲ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಅದು ಹೊರಗೇ ಇರಲಿ. ತಲೆನೋವಿಗೋ ಎದೆಬಡಿತಕ್ಕೋ ಪ್ರೊಪ್ರನೊಲೋಲ್ ಕೊಟ್ಟಿದ್ದಾರಾ ನೋಡಿ, ಅದರಿಂದ ರೇನೋ ಜಾಸ್ತಿಯಾಗಬಹುದು. ಔಷಧ ಬೇಕಾದರೆ ನಿಫೆಡಿಪಿನ್‌ನಿಂದ ಶುರು. ಕಾಲು ಊದುವುದು, ತಲೆನೋವು ಅದರ ತೊಂದರೆಗಳು. ಸಾಲದಿದ್ದರೆ ಟಡಾಲಫಿಲ್ ಅಥವಾ ಸಿಲ್ಡೆನಾಫಿಲ್. ಇದನ್ನು ಗಂಡಸರ ಮಾತ್ರೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಯಾರಾದರೂ ನಕ್ಕರೆ ಮುಜುಗರ ಪಡಬೇಡಿ. ರಕ್ತನಾಳ ಹಿಗ್ಗಿಸುವ ಒಳ್ಳೆಯ ಔಷಧ ಅದು. ಎದೆನೋವಿಗೆ ನಾಲಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯ ಜೊತೆ ಮಾತ್ರ ಎಂದೂ ಸೇರಬಾರದು.

ಇನ್ನು ತೋಟ ಅಡವಿಡುವ ಮಾತು. ಇಲ್ಲಿ ಸ್ವಲ್ಪ ನಿಲ್ಲಿ. 'ಸ್ಟೆಮ್ ಸೆಲ್' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆಬೇರೆ ವಿಷಯಗಳಿವೆ. ಒಂದು, ಕ್ಲಿನಿಕ್ಕಿನಲ್ಲಿ ಲಕ್ಷಗಟ್ಟಲೆ ತೆಗೆದುಕೊಂಡು ಕೊಡುವ ಇಂಜೆಕ್ಷನ್. ಸ್ಕ್ಲೆರೋಡರ್ಮಾಗೆ ಇದಕ್ಕೆ ಆಧಾರವಿಲ್ಲ. ನೋಂದಾಯಿತ ಸಂಶೋಧನೆಯ ಹೊರಗೆ ಇದನ್ನು ಚಿಕಿತ್ಸೆ ಎಂದು ಮಾರಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೇ ಹೇಳುತ್ತದೆ. ಇದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎರಡನೆಯದು ನಿಜವಾದ ಚಿಕಿತ್ಸೆ. ರೋಗಿಯದೇ ರಕ್ತದ ಮೂಲಕೋಶಗಳನ್ನು ತೆಗೆದಿಟ್ಟು, ಕ್ಯಾನ್ಸರಿಗೆ ಕೊಡುವಂಥ ಕೀಮೋಥೆರಪಿಯಿಂದ ದಾರಿ ತಪ್ಪಿದ ರೋಗನಿರೋಧಕ ಕೋಶಗಳನ್ನು ಅಳಿಸಿ, ಆಮೇಲೆ ಮೂಲಕೋಶಗಳನ್ನು ಮರಳಿ ಕೊಡುವುದು. 2014ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ದೀರ್ಘಕಾಲದಲ್ಲಿ ಇದರಿಂದ ಲಾಭವಾಯಿತು. ಆದರೆ ಮೊದಲ ವರ್ಷದಲ್ಲೇ ಸುಮಾರು ಶೇ 10 ಜನ ಚಿಕಿತ್ಸೆಯಿಂದಲೇ ತೀರಿಕೊಂಡರು. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಆ ಸಾವು ಕಡಿಮೆ ಇತ್ತು. ಕಾಯಿಲೆ ವೇಗವಾಗಿ ಏರುತ್ತಿರುವ, ಆದರೆ ಹೃದಯ ಮತ್ತು ಕಿಡ್ನಿ ಇನ್ನೂ ಗಟ್ಟಿಯಿರುವ ಕೆಲವರಿಗೆ ಮಾತ್ರ, ಅನುಭವವಿರುವ ದೊಡ್ಡ ಕೇಂದ್ರದಲ್ಲಿ ಮಾಡುವ ಕೆಲಸ ಇದು. ಮಾತ್ರೆಗಳನ್ನು ಸರಿಯಾಗಿ ಕೊಟ್ಟು ನೋಡುವ ಮೊದಲೇ ಇದರ ಹಿಂದೆ ಹೋಗುವಂತಿಲ್ಲ.

ಕಾರ್-ಟಿ ಬಗ್ಗೆಯೂ ಯಾರಾದರೂ ನಿಮಗೆ ಹೇಳಬಹುದು. ಜರ್ಮನಿಯ ಎರ್ಲಾಂಗನ್‌ನಲ್ಲಿ ಗಿಯಾರ್ಗ್ ಶೆಟ್ ಅವರ ತಂಡ 2024ರಲ್ಲಿ 15 ರೋಗಿಗಳ ಫಲಿತಾಂಶ ಪ್ರಕಟಿಸಿತು. ರೋಗಿಯದೇ ಟಿ ಕೋಶಗಳನ್ನು ಬದಲಾಯಿಸಿ ಒಳಗೆ ಬಿಡುವ ಚಿಕಿತ್ಸೆ ಅದು. ಆ 15ರಲ್ಲಿ ನಾಲ್ವರಿಗೆ ಸಿಸ್ಟಮಿಕ್ ಸ್ಕ್ಲೆರೋಸಿಸ್, ಅಂದರೆ ನಿಮ್ಮ ಅಕ್ಕನ ಕಾಯಿಲೆಯೇ. ಫಲಿತಾಂಶ ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಇಷ್ಟು ವರ್ಷ ಈ ರೋಗಿಗಳನ್ನು ನೋಡುತ್ತಾ ಬಂದವರಿಗೆ ಅಂಥ ಸುದ್ದಿ ಸಿಗುವುದು ಕಡಿಮೆ. ಆದರೂ ನಾಲ್ವರು ಅಂದರೆ ನಾಲ್ವರೇ. ಭಾರತದಲ್ಲಿ ಐಐಟಿ ಬಾಂಬೆಯಲ್ಲಿ ಬೆಳೆದ ಕಾರ್-ಟಿಗೆ 2023ರಲ್ಲಿ ಅನುಮತಿ ಸಿಕ್ಕಿದ್ದು ರಕ್ತದ ಕ್ಯಾನ್ಸರುಗಳಿಗೆ. ತೋಟ ಉಳಿಸಿಕೊಳ್ಳಿ. ಅದರ ಆದಾಯ ಮುಂದಿನ ಹಲವು ವರ್ಷಗಳ ಮಾತ್ರೆ, ಪರೀಕ್ಷೆ, ಬಸ್ ಚಾರ್ಜಿಗೆ ಬೇಕು. ಇದು ಬಹುಕಾಲ ಜೊತೆಗಿರುವ ಕಾಯಿಲೆ. ಸರಿಯಾಗಿ ನೋಡಿಕೊಂಡು ದಶಕಗಳ ಕಾಲ ಮನೆ ಮಕ್ಕಳು ನೋಡಿಕೊಂಡಿರುವ ಹೆಂಗಸರು ನನ್ನ ರೋಗಿಗಳಲ್ಲಿದ್ದಾರೆ.

ಕೊನೆಗೆ ಒಂದು ಚೀಟಿಯ ವಿಷಯ. ಅಕ್ಕನ ಪರ್ಸಿನಲ್ಲೂ ಭಾವನ ಜೇಬಿನಲ್ಲೂ ಒಂದೊಂದು ಇರಲಿ. ಕಾಯಿಲೆಯ ಹೆಸರು ಡಿಫ್ಯೂಸ್ ಸಿಸ್ಟಮಿಕ್ ಸ್ಕ್ಲೆರೋಸಿಸ್, ಎಸ್‌ಸಿಎಲ್-70 ಪಾಸಿಟಿವ್ ಎಂದು ಬರೆಯಿರಿ. ಸ್ಟೀರಾಯ್ಡ್ ಈಗ ಎಷ್ಟು ಮಿಲಿಗ್ರಾಂ, ಮಾಮೂಲಿ ಬಿಪಿ ಎಷ್ಟು, ಕೊನೆಯ ಕ್ರಿಯಾಟಿನಿನ್ ಎಷ್ಟು ಎಂಬುದೂ ಇರಲಿ. ಜೋರು ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಮೂತ್ರ ಕಡಿಮೆಯಾಗುವುದು, ಮಲಗಿದರೆ ಉಸಿರು ಕಟ್ಟುವುದು, ಬೆರಳ ತುದಿ ಕಪ್ಪಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಹೊರಡಿ. ಕ್ಯಾಶುವಾಲಿಟಿಯಲ್ಲಿ ಆ ಚೀಟಿ ತೋರಿಸಿ, 'ರೀನಲ್ ಕ್ರೈಸಿಸ್ ಇರಬಹುದಾ ನೋಡಿ' ಎಂದು ನೀವೇ ಬಾಯಿಬಿಟ್ಟು ಕೇಳಿ.